ಮೂರನೇ ಟ್ಯಾಂಕಿನ ರುಚಿ

"ಅದನ್ನ ಕೆಳಗಿಡು."

ಚಾಕಲೇಟಿನ ತುಂಡು ಇನ್ನೂ ಅವಳ ಬೆರಳ ತುದಿಯಲ್ಲೇ ಇತ್ತು. ಗಂಡ ಬಾಗಿಲಲ್ಲಿ ನಿಂತಿದ್ದ. ಒಂದು ಕಾಲಿಗೆ ಬೂಟು ಹಾಕಿ ಆಗಿತ್ತು, ಇನ್ನೊಂದು ಬೂಟು ಕೈಯಲ್ಲಿತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ. ಕುಂಟಿಕೊಂಡೇ ಬಂದು ಅವಳ ಕೈಯಿಂದ ತುಂಡನ್ನು ಕಿತ್ತುಕೊಂಡ. ಮಂಚದ ಮೇಲಿದ್ದ ಪೊಟ್ಟಣವನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯಲ್ಲಿ ಈರುಳ್ಳಿ ಸಿಪ್ಪೆಯ ಅಡಿಗೆ ತುರುಕಿದ. ಅಷ್ಟು ಸಾಲದೆಂಬಂತೆ ಸೋಸಿಟ್ಟಿದ್ದ ಟೀ ಚರಟವನ್ನು ಅದರ ಮೇಲೆ ಸುರಿದ.

"ಇದೇನ್ರೀ ಇದು? ಎರಡೇ ತುಂಡು ತಿಂತಿದ್ದೆ."

"ಬಸುರಿಯರು ತಿನ್ನಬಾರದು. ಅದರಲ್ಲಿ ಕೆಫೀನ್ ಇರುತ್ತಂತೆ."

"ಯಾರು ಹೇಳಿದ್ದು?"

"ಎಲ್ಲೋ ಓದಿದೆ."

ಅವಳಿಗೆ ಮತ್ತೆ ನಗು ಬಂತು. ಮದುವೆಯಾದ ಆರು ವರ್ಷದಲ್ಲಿ ಅವನು ಏನಾದರೂ ಓದಿದ್ದಿದ್ದರೆ ಯಂತ್ರದ ಮೇಲಂಟಿಸಿದ ತಗಡನ್ನೋ ಎಣ್ಣೆ ಡಬ್ಬಿಯ ಚೀಟಿಯನ್ನೋ ಓದಿರಬೇಕು. ಆದರೆ ಅವನ ಮುಖ ನೋಡಿ ಅವಳು ಬಾಯಿ ಮುಚ್ಚಿಕೊಂಡಳು. ಅವನು ನಲ್ಲಿ ತಿರುಗಿಸಿ ಕೈ ತೊಳೆಯುತ್ತಿದ್ದ. ತುಂಡನ್ನು ಹಿಡಿದಿದ್ದು ಎರಡು ಬೆರಳಿನಲ್ಲಿ, ತೊಳೆದದ್ದು ಮೊಣಕೈವರೆಗೆ.

ಇಬ್ಬರೂ ಒಂದೇ ಚಾಕಲೇಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವನು ಫಿಟ್ಟರ್. ಅವಳು ರುಚಿ ನೋಡುವವಳು. ಪ್ರತಿ ಶನಿವಾರ ಅಚ್ಚಿನಲ್ಲಿ ಮುರಿದ ತುಂಡುಗಳನ್ನು ಪೊಟ್ಟಣ ಕಟ್ಟಿ ಕೆಲಸದವರಿಗೆ ಹಂಚುತ್ತಿದ್ದರು. ಮನೆಗೆ ಎರಡು ಪೊಟ್ಟಣ ಬರುತ್ತಿತ್ತು. ಏಳು ವರ್ಷ ಚಾಕಲೇಟಿನ ನಡುವೆಯೇ ಇದ್ದರೂ ಅವಳಿಗೆ ಅದು ಸಾಕೆನಿಸಿರಲಿಲ್ಲ. ಈಗಂತೂ, ಐದನೇ ತಿಂಗಳು, ಬೆಳಗ್ಗೆ ಎದ್ದ ಕೂಡಲೇ ಬಾಯಿ ಅದನ್ನೇ ಬೇಡುತ್ತಿತ್ತು.

ಅವನ ಭಯ ಅವಳಿಗೆ ಅರ್ಥವಾಗದ್ದೇನಲ್ಲ. ಹೋದ ವರ್ಷ ಮೂರನೇ ತಿಂಗಳಲ್ಲಿ ಒಂದು ಹೋಗಿತ್ತು. ಆಗ ಅವನು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದನ್ನು ಅವಳು ಸ್ಟ್ರೆಚರಿನ ಮೇಲಿಂದಲೇ ನೋಡಿದ್ದಳು. ಹೆದರಿದ ಗಂಡಸು ಹಗ್ಗಾನೂ ಹಾವು ಅಂತಾನೆ, ಇರಲಿ, ಅಂದುಕೊಂಡು ಸುಮ್ಮನಾದಳು.

ಅವತ್ತು ಮಧ್ಯಾಹ್ನ ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟಳು.

"ಚಾಕಲೇಟಾ?" ಡಾಕ್ಟರಮ್ಮ ರಕ್ತದ ಒತ್ತಡದ ಪಟ್ಟಿ ಬಿಚ್ಚುತ್ತ ನಕ್ಕರು. "ನಿನ್ನ ಕೆಲಸಾನೇ ಅದಲ್ವೇನಮ್ಮ. ದಿನಕ್ಕೆ ಎರಡು ಮೂರು ತುಂಡು ತಿನ್ನು, ಏನೂ ಆಗಲ್ಲ. ಕೆಫೀನ್ ಇರೋದು ನಿಜ, ಕಪ್ಪಗಿರೋದರಲ್ಲಿ ಸ್ವಲ್ಪ ಜಾಸ್ತಿ. ಆದರೆ ನೀನು ಕುಡಿಯೋ ಟೀ ಕಾಫೀಲೇ ಅದಕ್ಕಿಂತ ಹೆಚ್ಚಿರುತ್ತೆ. ಟೀ ಎರಡು ಲೋಟಕ್ಕೆ ನಿಲ್ಲಿಸು. ಸಕ್ಕರೆ ಪರೀಕ್ಷೆ ಸರಿಯಾಗಿದೆ, ತೂಕ ಸರಿಯಾಗಿದೆ. ಆಸೆ ಕಟ್ಟಿಕೊಂಡು ಕೂತ್ಕೋಬೇಡ."

ಸಂಜೆ ಅವನು ಬರುವುದನ್ನೇ ಕಾದು ಅವಳು ಅಷ್ಟನ್ನೂ ಹೇಳಿದಳು. ಹೋದ ವರ್ಷದಿಂದ ಡಾಕ್ಟರಮ್ಮನ ಮಾತೆಂದರೆ ಅವನಿಗೆ ವೇದವಾಕ್ಯ. ಎಡಕ್ಕೆ ಮಲಗು ಅಂದರೆ ಅವಳು ನಿದ್ದೆಯಲ್ಲಿ ಬಲಕ್ಕೆ ಹೊರಳಿದರೂ ಎಬ್ಬಿಸುತ್ತಿದ್ದ. ಈಗ ಅವನ ಮುಖದಲ್ಲಿ ಸಮಾಧಾನವೇ ಕಾಣಲಿಲ್ಲ.

"ಡಾಕ್ಟರಿಗೆ ಏನು ಗೊತ್ತು," ಅಂದ, ನೆಲ ನೋಡುತ್ತ.

ಮರುದಿನ ಅಂಗಡಿಯಿಂದ ಬೇರೆ ಕಂಪನಿಯ ದೊಡ್ಡದೊಂದು ಬಾರ್ ತಂದು ಅವಳ ಮುಂದಿಟ್ಟ. "ಅಷ್ಟು ಆಸೆ ಆದರೆ ಇದನ್ನ ತಿನ್ನು."

ಅವಳು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಇದರಲ್ಲಿ ಕೆಫೀನ್ ಇಲ್ವಾ?"

ಅವನು ಬಟ್ಟೆ ಬದಲಿಸಲು ಒಳಗೆ ಹೋದ. ಒಳಗಿಂದಲೇ, ಬೇರೇನೋ ಕೇಳುವವನ ಹಾಗೆ, "ಇವತ್ತು ಎಷ್ಟು ಸ್ಯಾಂಪಲ್ ನೋಡಿದೆ?" ಎಂದ.

"ಹನ್ನೆರಡು."

"ಯಾವ ಟ್ಯಾಂಕಿಂದು?"

ಅವನು ಎಂದೂ ಅದನ್ನು ಕೇಳಿದವನಲ್ಲ. ಅವಳು ಬಾರನ್ನು ಬಿಚ್ಚದೆ ಕಪಾಟಿನಲ್ಲಿಟ್ಟಳು. ಮರುದಿನವೂ ಅವನು ಅದನ್ನೇ ಕೇಳಿದ. ಎಲ್ಲ ಉಗುಳಿದೆ ತಾನೆ, ಅಂತಲೂ ಕೇಳಿದ.

ರುಚಿ ನೋಡುವ ಕೋಣೆ ಕಾರ್ಖಾನೆಯ ಒಂದು ಮೂಲೆಯಲ್ಲಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಸೆಂಟು ಹಚ್ಚಿಕೊಂಡವರು, ಹೂ ಮುಡಿದವರು ಒಳಗೆ ಬರುವಂತಿರಲಿಲ್ಲ. ಬಿಳಿ ಮೇಜಿನ ಮೇಲೆ ನಂಬರು ಬರೆದ ಪುಟ್ಟ ಬಟ್ಟಲುಗಳು, ಬಾಯಿ ತೊಳೆಯಲು ಬೆಚ್ಚನೆಯ ನೀರು, ನಡುನಡುವೆ ಕಚ್ಚಲು ಸಪ್ಪೆ ಬ್ರೆಡ್ಡಿನ ಚೂರು, ಉಗುಳಲು ಸ್ಟೀಲಿನ ಲೋಟ. ಕೆಲಸ ಮಾಡುತ್ತಿದ್ದವರು ಇಬ್ಬರೇ. ಅವಳು, ಮತ್ತು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದ ದೊಡ್ಡಕ್ಕ. ಅವಳಿಗೆ ಮೂಗಮ್ಮ ಎಂದು ಹೆಸರಿಟ್ಟದ್ದು ದೊಡ್ಡಕ್ಕನೇ. ಒಮ್ಮೆ ಗೋದಾಮಿನಲ್ಲಿ ಇಲಿ ಸತ್ತಿದೆ ಅಂತ ಅವಳು ಇಲ್ಲಿ ಕೂತೇ ಹೇಳಿದ್ದಳು. ಹೋಗಿ ನೋಡಿದರೆ ಸತ್ತಿತ್ತು.

ಶುಕ್ರವಾರ ಒಂಬತ್ತನೇ ಬಟ್ಟಲಿನ ತುಂಡನ್ನು ಅವಳು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಮೊದಲು ಸಿಹಿ ಬಂತು, ಹಿಂದೆಯೇ ತುಸು ಹುಳಿ, ಆಮೇಲೆ ಹುರಿದ ಬೀಜದ ಕಹಿ. ಎಂದಿನಂತೆ ಬಹುಪಾಲು ಉಗುಳಿ, ಒಂದಿಷ್ಟನ್ನು ನುಂಗಿ, ಮೂಗಿನಿಂದ ಉಸಿರು ಬಿಟ್ಟಳು. ಎಲ್ಲ ರುಚಿಯೂ ಹೋದ ಮೇಲೆ ಗಂಟಲ ಹಿಂದೆ ಏನು ಉಳಿಯುತ್ತದೋ ಅದನ್ನೇ ರಿಜಿಸ್ಟರಿನಲ್ಲಿ ಬರೆಯಬೇಕು. ಅವತ್ತು ಉಳಿದದ್ದು ಬಿಸಿಲಿಗೆ ನಿಂತ ಲಾರಿಯ ಅಡಿಯ ವಾಸನೆ.

ಬಾಯಿ ತೊಳೆದು ಮತ್ತೆ ನೋಡಿದಳು. ಮತ್ತೆ ಅದೇ.

"ದೊಡ್ಡಕ್ಕ, ಒಂಬತ್ತು ನೋಡಿ. ಏನೋ ಎಣ್ಣೆ ಇದ್ದ ಹಾಗಿದೆ."

ದೊಡ್ಡಕ್ಕ ಬಾಯಿಗೆ ಹಾಕಿಕೊಂಡು ಚಪ್ಪರಿಸಿದಳು. "ಚೆನ್ನಾಗಿದೆಯಲ್ಲೇ."

"ಕೊನೇಲಿ?"

"ಕೊನೇಲೂ ಚೆನ್ನಾಗಿದೆ. ಬಸುರಿ ಮೂಗು ಕಣೇ ಅದು. ನಾನು ನನ್ನ ಮಗ ಹೊಟ್ಟೇಲಿದ್ದಾಗ ನಮ್ಮನೆಯವರು ಬೀದಿ ಕೊನೇಲಿ ಬರ್ತಿದ್ರೆ ಮನೇಲಿ ವಾಂತಿ ಮಾಡ್ತಿದ್ದೆ. ಪಾಪ, ಅವರಲ್ಲಿ ಏನೂ ವಾಸನೆ ಇರಲಿಲ್ಲ."

ಅವಳು ಬಟ್ಟಲಿನ ನಂಬರನ್ನು ಚೀಟಿಯಲ್ಲಿ ಹುಡುಕಿದಳು. ಮೂರನೇ ಟ್ಯಾಂಕು. ಆಗ, ದೊಡ್ಡಕ್ಕ ಇನ್ನೂ ನಗುತ್ತಿರುವಾಗಲೇ, ಆ ವಾಸನೆ ಎಲ್ಲಿಯದೆಂದು ಅವಳಿಗೆ ನೆನಪಾಯಿತು. ಎರಡು ತಿಂಗಳಿಂದ ಅವಳು ಅದನ್ನು ಮನೆಯಲ್ಲಿ ಬಕೆಟ್ಟಿನಲ್ಲಿ ನೆನೆಹಾಕಿ ಒಗೆಯುತ್ತಿದ್ದಳು. ಗಂಡನ ನೀಲಿ ಅಂಗಿಯ ತೋಳಿನಲ್ಲಿತ್ತು ಅದು.

ಊಟದ ಬಿಡುವಿನಲ್ಲಿ ಅವಳು ಟ್ಯಾಂಕುಗಳ ಹಾಲಿಗೆ ಹೋದಳು. ಎರಡಾಳೆತ್ತರದ ಮೂರು ಟ್ಯಾಂಕುಗಳು ಹಗಲು ರಾತ್ರಿ ಚಾಕಲೇಟನ್ನು ಬೆಚ್ಚಗಿಟ್ಟು ಕಲಕುತ್ತಿದ್ದವು. ಜನ ಊಟಕ್ಕೆ ಹೋಗಿದ್ದರು. ಮೂರನೆಯದರ ಏಣಿಯ ಮೇಲೆ ಅವಳ ಗಂಡ ಒಬ್ಬನೇ ಇದ್ದ. ಮುಚ್ಚಳ ತೆರೆದು, ಎದೆಯವರೆಗೆ ಒಳಗೆ ಬಗ್ಗಿ, ಬಟ್ಟೆಯಲ್ಲಿ ಏನನ್ನೋ ಒರೆಸುತ್ತಿದ್ದ. ಕಲಕುವ ಕಬ್ಬಿಣದ ಕಂಬಿ ಮೇಲಿನ ಗೇರ್‌ಬಾಕ್ಸಿನಿಂದ ಇಳಿದು ಬರುವ ಜಾಗದಲ್ಲಿ ಒಂದು ಡಬ್ಬಿಯ ಮುಚ್ಚಳವನ್ನು ತಂತಿಯಿಂದ ಕಟ್ಟಿದ್ದ. ಅದು ತುಂಬಿತ್ತು. ಅಂಚಿನಲ್ಲಿ ಕಪ್ಪಗೆ ಒಂದು ಹನಿ ಕೂಡಿಕೊಳ್ಳುತ್ತಿತ್ತು.

ಅವನು ತಿರುಗಿ ಅವಳನ್ನು ಕಂಡ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬೆಚ್ಚಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವನ ಹಾಗೆ ಮೆಲ್ಲನೆ ಏಣಿ ಇಳಿದು ಬಂದ.

"ಕಂಬಿ ಸುತ್ತ ಎಣ್ಣೆ ತಡೆಯೋ ರಬ್ಬರ್ ಸೀಲ್ ಸವೆದಿದೆ," ಅಂದ. "ಮೇಲಿನ ಎಣ್ಣೆ ಒಳಗೆ ಇಳಿಯುತ್ತೆ, ಈ ವಾರ ಜಾಸ್ತಿ ಆಗಿದೆ. ದಿನಕ್ಕೆ ನಾಲ್ಕು ಸಲ ಒರೆಸ್ತೀನಿ."

"ಯಾವ ಎಣ್ಣೆ?"

"ತಿನ್ನೋ ಸಾಮಾನಿನ ಯಂತ್ರಕ್ಕೆ ಹಾಕೋದು ಬೇರೆ ಇದೆ. ಅದು ಖಾಲಿಯಾಗಿತ್ತು. ಸೂಪರ್‌ವೈಸರ್ ಸದ್ಯಕ್ಕೆ ಲಾರಿ ಎಣ್ಣೆ ಹಾಕು ಅಂದರು. ಹಾಕಿದೆ. ಡಬ್ಬಿ ಹಿಂದೆ ಬರೆದಿತ್ತು, ಆಹಾರದ ಯಂತ್ರಕ್ಕೆ ಬಳಸಬೇಡಿ ಅಂತ. ಅದನ್ನ ಓದಿದ್ದು ಈ ವಾರ."

"ಮನೇಲಿ ನನ್ನ ಕೈಯಿಂದ ಕಿತ್ತುಕೊಂಡ್ರಿ. ಇಲ್ಲಿ ದಿನಾ ತಿಂತಿದ್ದೆನಲ್ಲ?"

"ಇಲ್ಲಿ ನೀನು ಉಗುಳ್ತೀಯಲ್ಲ."

"ಕೊನೇ ರುಚಿ ಗೊತ್ತಾಗಬೇಕಾದ್ರೆ ನುಂಗಬೇಕು, ಕಣ್ರೀ. ಏಳು ವರ್ಷದಿಂದ ನುಂಗ್ತಿದೀನಿ. ನಿಮಗೆ ಗೊತ್ತಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಅವರ ಹಿಂದೆ ಟ್ಯಾಂಕು ತನ್ನ ಪಾಡಿಗೆ ತಿರುಗುತ್ತಿತ್ತು.

"ಸೋಮವಾರ ಸೀಲ್ ಬರುತ್ತೆ ಅಂದಿದಾರೆ," ಅಂದ ಕೊನೆಗೆ. "ಸೋಮವಾರದವರೆಗೆ ಬಾಯಿ ಬಿಡಬೇಡ. ಎಣ್ಣೆ ಹಾಕಿದ್ದಕ್ಕೆ ನನ್ನ ಸಹಿ ಇದೆ. ಅವರದು ಬರೀ ಮಾತು. ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?"

ಆ ಸೂಪರ್‌ವೈಸರಿಗೆ ಕೆಲಸದವರು 'ನೋಡೋಣ ಸಾಹೇಬರು' ಅನ್ನುತ್ತಿದ್ದರು. ರಜೆ ಕೇಳಿದರೂ ನೋಡೋಣ, ಬೆಂಕಿ ಬಿದ್ದಿದೆ ಅಂದರೂ ನೋಡೋಣ. ಅವಳು ಅವತ್ತು ಸಂಜೆ ಒಂಬತ್ತನೇ ಬಟ್ಟಲಿನ ಮುಂದೆ 'ಸರಿ' ಎಂದು ಬರೆದಳು.

ಶನಿವಾರ ಪೊಟ್ಟಣ ಹಂಚಿದರು. ದೊಡ್ಡಕ್ಕ ತನ್ನ ಪಾಲಿನದನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನೀನು ತಗೊಳಲ್ವಾ?" ಎಂದಳು.

"ಬೇಡ ಅಕ್ಕಾ. ಬಾಯಿ ಕೆಟ್ಟಿದೆ."

"ಹಾಗಾದ್ರೆ ನಿಂದೂ ನನಗೇ ಕೊಡು. ನನ್ನ ಸೊಸೆಗೆ ಒಂಬತ್ತು ತುಂಬ್ತಾ ಇದೆ. ನಾನು ಮನೆಗೆ ಹೋಗೋದರೊಳಗೆ ಬಾಗಿಲಲ್ಲಿ ನಿಂತಿರ್ತಾಳೆ, ನನ್ನ ಮುಖ ನೋಡಕ್ಕಲ್ಲ, ಚೀಲ ನೋಡಕ್ಕೆ."

ಅವಳು ಕೊಟ್ಟಳು. ಕೊಡುವಾಗ ಬೆರಳುಗಳು ಪೊಟ್ಟಣವನ್ನು ಒಂದು ಕ್ಷಣ ಬಿಡಲಿಲ್ಲ. ದೊಡ್ಡಕ್ಕ ನಗುತ್ತ ಎಳೆದುಕೊಂಡಳು. ಗೇಟಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಹೇಳಲು ನೂರೈವತ್ತು ಹೆಜ್ಜೆಗಳಷ್ಟು ಹೊತ್ತಿತ್ತು. ಬಸ್ಸು ಬಂತು, ದೊಡ್ಡಕ್ಕ ಹತ್ತಿ ಕಿಟಕಿಯಿಂದ ಕೈ ಬೀಸಿದಳು.

ಭಾನುವಾರ ಮಧ್ಯಾಹ್ನ ಗಂಡ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಎರಡು ದಿನದಿಂದ ಅವಳಿಗೆ ಒಂದು ಕಡ್ಡಿಯನ್ನೂ ಎತ್ತಲು ಬಿಟ್ಟಿರಲಿಲ್ಲ. ಅವಳು ಬಾಗಿಲಿಗೊರಗಿ ಅವನ ಬೆನ್ನು ನೋಡುತ್ತ ನಿಂತಿದ್ದಳು. ಒಂದು ಪ್ರಶ್ನೆ ಶುಕ್ರವಾರದಿಂದ ಅವಳ ಬಾಯಲ್ಲಿತ್ತು.

"ಆ ಎಣ್ಣೆ ಖಾಲಿಯಾಗಿದ್ದು ಇದೇ ಮೊದಲ ಸಲಾನಾ?"

ಚಾಕು ನಿಲ್ಲಲಿಲ್ಲ. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಇಳಿಯುತ್ತಲೇ ಇತ್ತು.

"ಇದಕ್ಕಿಂತ ಮುಂಚೆ ಯಾವಾಗ ಹಾಕಿದ್ರಿ?"

"ಹೋದ ವರ್ಷ."

"ಯಾವ ತಿಂಗಳು?"

ಅವನು ಸಿಪ್ಪೆ ತೆಗೆದಾದ ಆಲೂಗಡ್ಡೆಯನ್ನೇ ಮತ್ತೆ ಹೆರೆಯತೊಡಗಿದ. ಅದು ಅವನ ಕೈಯಲ್ಲಿ ಚಿಕ್ಕದಾಗುತ್ತ ಹೋಯಿತು. ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಗೋಲಿಯಷ್ಟಾಯಿತು. ಅವಳು ತಿಂಗಳ ಹೆಸರನ್ನು ಇನ್ನೊಮ್ಮೆ ಕೇಳಲಿಲ್ಲ. ಒಳಗೆ ಹೋಗಿ ಎಡಕ್ಕೆ ತಿರುಗಿ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮಗು ಅವತ್ತು ಬೆಳಗ್ಗಿನಿಂದ ಅಲುಗಿರಲಿಲ್ಲ. ಅಥವಾ ಅಲುಗಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಗಡಿಯಾರ ನೋಡುತ್ತ ಕಾದಳು. ನಾಲ್ಕೂವರೆಗೆ, ಮೀನೊಂದು ಬಾಲ ಹೊರಳಿಸಿದ ಹಾಗೆ, ಒಮ್ಮೆ ಅಲುಗಿತು.

ಸೋಮವಾರ ಬೆಳಗ್ಗೆ ಅವನು ಬೂಟಿನ ದಾರ ಕಟ್ಟುತ್ತಿರುವಾಗ ಅವಳು ಹೇಳಿದಳು.

"ಇವತ್ತು ಸೀಲ್ ಬರದಿದ್ರೆ ನಾನು ಬರೀತೀನಿ."

ಅವನು ಎರಡನೇ ಬೂಟಿನ ದಾರವನ್ನೂ ಕಟ್ಟಿ ಮುಗಿಸಿದ. "ಕೈ ಕಡಿದು ಕೊಟ್ಟ ಹಾಗೆ ಆಗುತ್ತೆ ನನಗೆ," ಅಂದ. ಅದರಲ್ಲಿ ಸಿಟ್ಟಿರಲಿಲ್ಲ. ದಿನವೂ ಅವಳಿಗಾಗಿ ಕಾಯುತ್ತಿದ್ದವನು ಅವತ್ತು ಒಬ್ಬನೇ ಹೊರಟುಹೋದ.

ಹತ್ತು ಗಂಟೆಗೆ ಅವಳು ಸೂಪರ್‌ವೈಸರ್ ಕೋಣೆಗೆ ಹೋಗಿ ಮೂರನೇ ಟ್ಯಾಂಕಿನ ಸೀಲ್ ಬಂತೇ ಎಂದು ಕೇಳಿದಳು. ಅವರು ತಲೆಯೆತ್ತಿದರು.

"ರುಚಿ ನೋಡೋರಿಗೆ ಸೀಲಿನ ಸುದ್ದಿ ಯಾಕಮ್ಮ?"

"ವಾಸನೆ ಬರ್ತಿದೆ ಸರ್."

"ದೊಡ್ಡಕ್ಕನಿಗೆ ಬಂತಾ?"

"ಇಲ್ಲ."

"ನೋಡಮ್ಮ, ನೀನು ಈಗಿರೋ ಸ್ಥಿತೀಲಿ ಎಲ್ಲಾ ವಾಸನೆ ಬರುತ್ತೆ. ನಮ್ಮನೇಲೂ ಹೀಗೇ ಇತ್ತು. ಬೇಕಾದ್ರೆ ಇವತ್ತಿಂದಲೇ ರಜೆ ತಗೋ, ಹೆರಿಗೆ ಆಗೋವರೆಗೂ ಬರಬೇಡ. ಸೀಲ್ ವಿಷಯ..." ಅವರು ಕಾಗದಗಳನ್ನು ಜೋಡಿಸಿದರು. "ನೋಡೋಣ."

ಅವಳು ವಾಪಸು ಬಂದು ಮೇಜಿನ ಮುಂದೆ ಕೂತಳು. ಅವತ್ತಿನ ಬಟ್ಟಲುಗಳಲ್ಲಿ ಮೂರನೇ ಟ್ಯಾಂಕಿನವು ನಾಲ್ಕಿದ್ದವು. ಬಾಯಿಗೆ ಹಾಕಿಕೊಳ್ಳುವ ಮೊದಲೇ ವಾಸನೆ ಬರುತ್ತಿತ್ತು.

"ಅಕ್ಕಾ, ಆ ಪೊಟ್ಟಣ ಸೊಸೆಗೆ ಕೊಟ್ರಾ?"

"ಕೊಡದೆ? ಒಂದು ಆಗಲೇ ಖಾಲಿ. ಇನ್ನೊಂದನ್ನ ಬಚ್ಚಿಟ್ಟಿದೀನಿ, ಇಲ್ಲಾಂದ್ರೆ ಅದೂ..." ದೊಡ್ಡಕ್ಕ ಅವಳ ಮುಖ ನೋಡಿ ನಿಲ್ಲಿಸಿದಳು. "ಯಾಕೆ?"

ಅವಳು ಹೇಳಿದಳು. ಸೀಲು, ಲಾರಿ ಎಣ್ಣೆ, ಡಬ್ಬಿಯ ಮುಚ್ಚಳ, ಗಂಡನ ಸಹಿ, ಶುಕ್ರವಾರ ತಾನು ಬರೆದ 'ಸರಿ', ಒಂದನ್ನೂ ಬಿಡದೆ ಹೇಳಿದಳು. ಹೋದ ವರ್ಷದ್ದನ್ನು ಮಾತ್ರ ಹೇಳಲಿಲ್ಲ. ದೊಡ್ಡಕ್ಕ ಅಷ್ಟು ಹೊತ್ತೂ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು.

"ಶನಿವಾರ ಗೊತ್ತಿತ್ತಾ ನಿಂಗೆ? ಪೊಟ್ಟಣ ಕೊಡುವಾಗ?"

"ಗೊತ್ತಿತ್ತು."

ದೊಡ್ಡಕ್ಕನ ಕೈ ಮೇಲೆದ್ದಿತು. ಹೊಡೆಯುತ್ತಾಳೆ ಎಂದು ಅವಳು ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಕಣ್ಣು ತೆರೆದಾಗ ದೊಡ್ಡಕ್ಕ ಕೋಣೆಯ ಹೊರಗೆ ಕಾವಲುಗಾರನ ಫೋನಿನಲ್ಲಿ ಮನೆಯಲ್ಲಿದ್ದ ಮಗನ ಜೊತೆ ಮಾತಾಡುತ್ತಿದ್ದಳು. "ಬಚ್ಚಿಟ್ಟಿರೋದು ಅಕ್ಕಿ ಡಬ್ಬದ ಹಿಂದೆ ಇದೆ. ತೆಗೆದು ಬಿಸಾಕು. ಯಾಕೆ ಅಂತ ಆಮೇಲೆ. ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು, ಸುಮ್ನೆ ತೋರಿಸ್ಕೊಂಡು ಬಾ."

ಒಳಗೆ ಬಂದು ರಿಜಿಸ್ಟರನ್ನು ಅವಳ ಮುಂದೆ ತಳ್ಳಿದಳು. "ಮೂಗು ಚೆನ್ನಾಗಿದೆ ಅಂತ ಮೂಗಮ್ಮ ಅಂದೆ. ಮೂಗಿ ಆಗಿ ಕೂತ್ಕೋ ಅಂತಲ್ಲ. ಬರಿ."

ಅವಳು ಬರೆದಳು. 'ಮೂರನೇ ಟ್ಯಾಂಕ್. ಯಂತ್ರದ ಎಣ್ಣೆಯ ವಾಸನೆ. ತಿರಸ್ಕೃತ.' ತನ್ನ ಸಹಿ ಹಾಕಿದಳು. ಇಬ್ಬರ ಸಹಿ ಇದ್ದರೆ ಮಾತ್ರ ಟ್ಯಾಂಕು ನಿಲ್ಲಿಸಬೇಕೆಂಬ ನಿಯಮವಿತ್ತು. ದೊಡ್ಡಕ್ಕ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಮೂಸಿದಳು.

"ನಂಗೇನೂ ಬರ್ತಿಲ್ಲ," ಎಂದಳು. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಹನ್ನೊಂದೂ ಮುಕ್ಕಾಲಿಗೆ ಮೂರನೇ ಟ್ಯಾಂಕು ನಿಂತಿತು. ಅವಳ ಏಳು ವರ್ಷದಲ್ಲಿ ಮೊದಲ ಬಾರಿಗೆ ಗೋಡೆಯ ಗುಂಯ್ ಸದ್ದು ತಗ್ಗಿದ್ದನ್ನು ಇಬ್ಬರೂ ಕೇಳಿಸಿಕೊಂಡರು. ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಊರಾಚೆಯ ಆಫೀಸಿನಿಂದ ಇಬ್ಬರು ಬಂದರು. ಗೇರ್‌ಬಾಕ್ಸ್ ಬಿಚ್ಚಿಸಿದರು. ದುರಸ್ತಿ ಪುಸ್ತಕ ತರಿಸಿದರು. ಅದರಲ್ಲಿ ಎಣ್ಣೆ ಹಾಕಿದವನ ಸಹಿ ಒಂದೇ ಇತ್ತು. ಹಾಕು ಅಂದವರು ಯಾರು ಎಂದು ಅವನನ್ನು ಕೇಳಿದಾಗ ಅವನು ಸೂಪರ್‌ವೈಸರ್ ಕಡೆ ನೋಡಿದನಂತೆ. ಸೂಪರ್‌ವೈಸರ್, "ನಾನು ನೋಡೋಣ ಅಂದಿದ್ದೆ ಅಷ್ಟೇ," ಅಂದರಂತೆ. ಅದು ಸುಳ್ಳೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಸಂಜೆ ಅವನು ತನ್ನ ಸ್ಪ್ಯಾನರುಗಳನ್ನು ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು ಗೇಟು ದಾಟಿದ. ಎರಡು ತಿಂಗಳು ಬಾರದ ಸೀಲು ಬುಧವಾರ ಬಂತು. ಟ್ಯಾಂಕಿನಲ್ಲಿದ್ದ ಚಾಕಲೇಟನ್ನು ಚೆಲ್ಲಿದರು. ಅಂಗಡಿಗಳಿಗೆ ಆಗಲೇ ಹೋಗಿದ್ದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಆ ವಾರ ಗಂಡಹೆಂಡಿರ ನಡುವೆ ಊಟಕ್ಕೆ ಬಾ, ಬಾಗಿಲು ಹಾಕು ಎಂಬುದರ ಹೊರತು ಮಾತಿರಲಿಲ್ಲ. ಶುಕ್ರವಾರ ಕೆಲಸಕ್ಕೆ ಬಾರದ ದೊಡ್ಡಕ್ಕ ಹೇಳಿ ಕಳಿಸಿದಳು. ಸೊಸೆಗೆ ಹೆರಿಗೆಯಾಗಿದೆ, ಹೆಣ್ಣು, ತೂಕ ಸ್ವಲ್ಪ ಕಡಿಮೆ, ಒಂದೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರಂತೆ. ಯಾಕೆ ಕಡಿಮೆ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ದೊಡ್ಡಕ್ಕನೂ ಹೇಳಿ ಕಳಿಸಿರಲಿಲ್ಲ.

ಶನಿವಾರ ಅವನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಎಲ್ಲವನ್ನೂ ಅವನೇ ಹೇಳಿದ, ಎಣ್ಣೆಯ ಹೆಸರು, ಎಷ್ಟು ದಿನ, ದಿನಕ್ಕೆ ಎಷ್ಟು ಹನಿ. ಹೋದ ವರ್ಷ ಯಾವ ತಿಂಗಳೆಂಬುದನ್ನೂ ಹೇಳಿದ. ಡಾಕ್ಟರಮ್ಮ ಬರೆದುಕೊಳ್ಳುವುದನ್ನು ಆ ತಿಂಗಳಿಗೆ ಬಂದಾಗ ನಿಲ್ಲಿಸಿದರು.

"ಅದರಿಂದಲೇನಾ ಡಾಕ್ಟ್ರೇ?"

"ಅದರಿಂದಲೇ ಅಂತ ಯಾರೂ ಹೇಳಕ್ಕಾಗಲ್ಲಪ್ಪ. ನೂರಕ್ಕೆ ಹತ್ತು ಹದಿನೈದು ಹಾಗೇ ಹೋಗುತ್ತೆ, ಕಾರಣಾನೇ ಇರಲ್ಲ."

"ಅದರಿಂದ ಅಲ್ಲ ಅಂತ ಹೇಳಬಹುದಾ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲ. ಅದೂ ಆಗಲ್ಲ." ಎದ್ದು ನಿಂತು, "ಬಾಮ್ಮ, ಮಲಕ್ಕೋ. ಈಗಿರೋದನ್ನ ನೋಡೋಣ," ಅಂದರು. ಆ ಮಾತಿಗೆ ಅವನು ಬೆಚ್ಚಿದ್ದು ಅವಳೊಬ್ಬಳಿಗೇ ತಿಳಿಯಿತು.

ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸುರಿದು ಡಾಕ್ಟರಮ್ಮ ಪುಟ್ಟ ಯಂತ್ರವನ್ನು ಒತ್ತಿ ಸರಿಸತೊಡಗಿದರು. ಮೊದಲು ಬರೀ ಗರಗರ. ಎಡಕ್ಕೆ ಸರಿಸಿದರು, ಕೆಳಗೆ ಸರಿಸಿದರು. ಹುಬ್ಬು ಕೂಡಿತು. ಅವಳು ಸೂರಿನ ಕಡೆ ನೋಡುತ್ತ ಉಸಿರು ಹಿಡಿದಳು. ಆಮೇಲೆ ಗರಗರದ ಒಳಗಿಂದ, ದೂರದಲ್ಲಿ ಯಾರೋ ಓಡಿ ಬರುತ್ತಿರುವ ಹಾಗೆ, ಎದೆಬಡಿತ ಕೇಳಿಸಿತು.

"ಸಿಕ್ತು," ಅಂದರು ಡಾಕ್ಟರಮ್ಮ. "ಚೆನ್ನಾಗಿದೆ. ಸದ್ಯಕ್ಕೆ ಚೆನ್ನಾಗಿದೆ."

ಅವಳು ತಲೆ ತಿರುಗಿಸಿ ಗಂಡನನ್ನು ನೋಡಿದಳು. ಅವನು ಗೋಡೆಯ ಪಕ್ಕ ನಿಂತು ತಲೆಯನ್ನು ಒಂದು ಬದಿಗೆ ವಾಲಿಸಿ ಕಣ್ಣು ಮುಚ್ಚಿಕೊಂಡಿದ್ದ. ಓಡುತ್ತಿರುವ ಯಂತ್ರದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಫಿಟ್ಟರುಗಳು ನಿಲ್ಲುವುದು ಹಾಗೆ. ಡಾಕ್ಟರಮ್ಮ ಯಂತ್ರವನ್ನು ಆರಿಸಲು ಕೈ ಚಾಚಿದರು.

"ಇನ್ನೊಂದು ಸ್ವಲ್ಪ ಹೊತ್ತು," ಅಂದ ಅವನು, ಕಣ್ಣು ತೆರೆಯದೆ.